ಟಬೋರಾದ ಕ್ಷೇಮಮನೆಯಿಂದ ನಂದಿತಜ್ಜಿಗೆ

ಇಸವಿ ೨೧೯೩, ಎರಡು ಮಳೆಗಾಲಗಳ ನಡುವಿನ ಒಣ ವಾರ.

ನಂದಿತಜ್ಜಿ, ಈ ತಾರೀಖು ನೋಡಿ ಹೆದರಬೇಡ. ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಆದರೆ ಈ ಕಾಗದ ನಿನ್ನ ಕೈ ಸೇರುವಾಗ ನೀನು ಇನ್ನೂ ಮದುವೆಯಾಗದ ಹುಡುಗಿ, ನಾನು ಮಂಡಿನೋವಿನ ಹೆಂಗಸು. ಆದ್ದರಿಂದ ಏಕವಚನದಲ್ಲೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಕನ್ನಡವೂ ನಿನಗೆ ವಿಚಿತ್ರವೆನಿಸಬಹುದು. ನಾವು ದಾರ್ ಎಸ್ ಸಲಾಮಿಗೆ ಬಂದು ನೆಲೆಸಿ ಮೂರು ತಲೆಮಾರಾಯಿತು. ಮನೆಯೊಳಗೆ ದಾವಣಗೆರೆ ಮಾತು ಉಳಿದಿದೆ, ಬರವಣಿಗೆಗೆ ಅಭ್ಯಾಸವಿಲ್ಲ. ಇದನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಕಳೆದುಹೋದ ಕಾಲದವರಿಗೆ ಬರೆಯುವ ಅಂಚೆಗೆ ಆ ಹೆಸರು. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರವಂತೂ ಇದುವರೆಗೆ ಯಾರಿಗೂ ಬಂದಿಲ್ಲ. ಇಲ್ಲಿ ಸಿಕ್ಕಿಬಿದ್ದವರಿಗೆ ಸಮಾಧಾನಕ್ಕೆಂದು ಒಂದು ಕಾಗದ ಬಿಟ್ಟಿಯಾಗಿ ಕೊಡುತ್ತಾರೆ. ಬಿಟ್ಟಿ ಸಿಕ್ಕಿದ್ದನ್ನು ಬಿಡಲು ನಮ್ಮ ಮನೆತನದವರಿಗೆ ಬರುವುದಿಲ್ಲ.

ಮೊದಲು ನಮ್ಮ ಕಾಲದ ಪ್ರಯಾಣದ ವಿಷಯ ಹೇಳುತ್ತೇನೆ. ಈಗ ಆಫ್ರಿಕಾದ ಉದ್ದಗಲಕ್ಕೂ ಒಂಟಿಯಾಗಿ ಹೊರಟವರನ್ನು ಯಾರೂ ಮುಟ್ಟುವಂತಿಲ್ಲ. ಕಳ್ಳತನವಿಲ್ಲ, ಅಪಘಾತವಿಲ್ಲ, ಬಾಡಿಗೆಗೆ ಜಗಳವಿಲ್ಲ. ನಿಮ್ಮ ಕಾಲದಲ್ಲಿ ಜನ ತುಂಬುವ ತನಕ ಬಸ್ಸು ಹೊರಡುತ್ತಿರಲಿಲ್ಲವಂತೆ, ಪಕ್ಕದವರ ಕೋಳಿ ನಿಮ್ಮ ತೊಡೆಯ ಮೇಲೆ ಕೂರುತ್ತಿತ್ತಂತೆ. ಈಗ ಒಂಟಿಗಾಡಿ ಬಂದಿದೆ. ಒಬ್ಬರಿಗೆ ಒಂದು, ಮೊಟ್ಟೆಯ ಆಕಾರ, ಚಾಲಕನಿಲ್ಲ. ಹತ್ತಿದ ಮೇಲೆ ಅದು ತಂಪಾಗಿ, ಸದ್ದಿಲ್ಲದೆ ಓಡುತ್ತದೆ. ಕಿಟಕಿಯಾಚೆ ಬಾವೊಬಾಬ್ ಮರಗಳು ಹಿಂದೆ ಸರಿಯುತ್ತವೆ. ಮಾತಾಡಲು ಒಂದು ನರಪಿಳ್ಳೆಯೂ ಇರುವುದಿಲ್ಲ.

ಹೊರಡುವ ಮುಂಚೆ ಮಣಿಕಟ್ಟಿಗೆ ಕಾವಲುಮಣಿ ಕಟ್ಟುತ್ತಾರೆ, ಶೇಂಗಾ ಬೀಜದಷ್ಟು ದಪ್ಪ. ಆಗ ಒಂದು ಪ್ರಶ್ನೆ ಕೇಳುತ್ತಾರೆ: ಹೋಗುವ ಊರಲ್ಲಿ ನಿಮಗಾಗಿ ಕಾಯುವವರು ಯಾರು? ಹಾಗೆ ಹೆಸರಿಸಿದವರು ದಿನಾ ಬೆಳಿಗ್ಗೆ ತಮ್ಮ ಮನೆಯಲ್ಲಿರುವ ಮಣಿಯನ್ನು ಒತ್ತಿ ‘ಕಾಯುತ್ತಿದ್ದೇನೆ’ ಎಂದು ತಿಳಿಸಬೇಕು. ಅವರು ಒತ್ತಿದರೆ ನಮ್ಮ ಮಣಿ ಹಸಿರಾಗುತ್ತದೆ, ಗಾಡಿ ಮುಂದೆ ಹೋಗುತ್ತದೆ. ಒತ್ತದಿದ್ದರೆ ಮಣಿ ಕಪ್ಪಾಗುತ್ತದೆ, ಗಾಡಿ ತಾನಾಗಿಯೇ ಹೆದ್ದಾರಿ ಬಿಟ್ಟು ಹತ್ತಿರದ ಕ್ಷೇಮಮನೆಗೆ ತಿರುಗುತ್ತದೆ. ಕಾಯುವವರಿಲ್ಲದವರಿಗೆ ದಾರಿಯಲ್ಲಿ ಏನಾದರೂ ಆದರೆ ಹೇಳುವವರು ಕೇಳುವವರು ಇರುವುದಿಲ್ಲ, ಆದ್ದರಿಂದ ಅವರನ್ನು ದಾರಿಗೇ ಬಿಡಬಾರದು. ಇದು ಕಾನೂನು.

ನನ್ನ ತಮ್ಮ ಗುರುಪಾದ ಕಿಗೋಮಾದಲ್ಲಿದ್ದಾನೆ. ಟಾಂಗನಿಕಾ ಸರೋವರದ ದೋಣಿಗಳ ಇಂಜಿನ್ ರಿಪೇರಿ ಅವನ ಕೆಲಸ, ಮದುವೆ ಮಾಡಿಕೊಂಡಿಲ್ಲ. ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಮಾಡಬೇಕು ಅಂದರು. ‘ಅಕ್ಕಾ, ಸುಮ್ನೆ ಬಂದು ಪಕ್ಕದಾಗ ಕುಂದ್ರು ಸಾಕು’ ಅಂದ. ಹೊರಟೆ. ಕಾಯುವವರು ಯಾರು ಎಂದಾಗ ಅವನ ಹೆಸರು ಹೇಳಿದೆ. ಇನ್ನೊಬ್ಬರ ಹೆಸರು ಕೊಡುತ್ತೀರಾ ಎಂದೂ ಕೇಳಿದರು. ಅವನ ಜೊತೆ ಕೆಲಸ ಮಾಡುವ ಎಮ್ಮಾನುಯೆಲಿ ಎಂಬವನಿದ್ದಾನೆ, ಒಳ್ಳೆಯವನು. ಆದರೆ ನಮ್ಮವರ ಬುದ್ಧಿ ನಿನಗೆ ಗೊತ್ತಲ್ಲ! ಸುಮ್ಮನೆ ಅವರಿಗ್ಯಾಕೆ ತೊಂದರೆ, ಬೆಳಗಾಗೆದ್ದು ಮಣಿ ಒತ್ತುವ ರಗಳೆ ಅವರಿಗ್ಯಾಕೆ, ಬೇಡ ಬಿಡಿ ಅಂದೆ. ಊಟಕ್ಕೆ ಏಳಿ ಅಂದರೆ ಈಗ ತಾನೇ ಆಯಿತು ಅನ್ನುವ ಜನ ನಾವು.

ನಾನು ದಾರಿಯಲ್ಲಿರುವಾಗಲೇ ಗುರುಪಾದನಿಗೆ ನೋವು ಹೆಚ್ಚಾಗಿ, ಗೊತ್ತಾದ ದಿನಕ್ಕಿಂತ ಮುಂಚೆಯೇ ಆಪರೇಷನ್ ಮಾಡಿದರು. ಅವನಿಗೆ ಎಚ್ಚರವಾಗಲಿಲ್ಲ. ಎಚ್ಚರವಿಲ್ಲದವನು ಮಣಿ ಒತ್ತುವುದು ಹೇಗೆ? ನನ್ನ ಗಾಡಿ ಟಬೋರಾದ ಹತ್ತಿರ ತಿರುಗಿತು. ಅವನಿಗೆ ಹುಷಾರಿಲ್ಲವೆಂದೇ ನಾನು ಹೊರಟೆ, ಅವನಿಗೆ ಹುಷಾರಿಲ್ಲವೆಂದೇ ನನ್ನನ್ನು ತಡೆದರು. ಇದಕ್ಕೆ ನಗಬೇಕೋ ಅಳಬೇಕೋ ಹೇಳು. ನಾನಂತೂ ಮೊದಲ ದಿನ ಕೂಗಾಡಿದೆ. ಇಲ್ಲಿಯ ಕಾವಲಿನ ಜುಮಾ ಒಳ್ಳೆಯ ಮನುಷ್ಯ, ಎದೆಯ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡ. ‘ಪೋಲೆ ಸಾನಾ, ಮಾಮಾ. ನಿಮ್ಮ ಒಳ್ಳೇದಕ್ಕೇ’ ಅಂದ. ಇಲ್ಲಿಯ ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ, ಪೋಲೆ ಎಂದರೆ ನಿಮ್ಮ ಕಷ್ಟಕ್ಕೆ ನನಗೂ ನೋವಿದೆ ಎಂದು. ಈಗ ಎಮ್ಮಾನುಯೆಲಿಯ ಹೆಸರು ಸೇರಿಸಿ ಎಂದು ಅಂಗಲಾಚಿದೆ. ಹೊರಟ ಮೇಲೆ ಹೆಸರು ಸೇರಿಸುವಂತಿಲ್ಲ, ವಾಪಸು ಹೋಗಲೂ ಹೊಸ ಹೆಸರು ಕೊಡುವಂತಿಲ್ಲ. ಹಿಂದೆ ಯಾರೋ ದುಷ್ಟರು ಪ್ರಯಾಣಿಕರನ್ನು ಹಿಡಿದಿಟ್ಟು ತಮ್ಮದೇ ಹೆಸರು ಹೇಳಿಸುತ್ತಿದ್ದರಂತೆ.

ಈ ಮನೆಗೆ ಬೀಗವಿಲ್ಲ ಅಜ್ಜಿ. ಅದೇ ಹೊಟ್ಟೆ ಉರಿಸುವುದು. ಹಾಸಿಗೆ ಮೆತ್ತಗಿದೆ, ಮೂರು ಹೊತ್ತು ಊಟ, ಅಂಗಳದಲ್ಲಿ ಮಾವಿನ ಮರ. ಒಂದು ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದೇಬಿಟ್ಟೆ. ಯಾರೂ ತಡೆಯಲಿಲ್ಲ. ಹೆದ್ದಾರಿಯ ಬದಿಗೆ ನಿಂತು ಕೈ ಬೀಸಿದೆ. ಒಂದಾದ ಮೇಲೊಂದು ಒಂಟಿಗಾಡಿಗಳು ಬಂದವು. ಕಪ್ಪು ಮಣಿ ಕಂಡದ್ದೇ ದಾರಿಯ ಆಚೆ ಬದಿಗೆ ಸರಿದು ಹೋದವು. ಒಳಗೆ ಕೂತವರು ನನ್ನನ್ನು ನೋಡಿದರು, ಒಬ್ಬಾಕೆ ಗಾಜಿಗೆ ಅಂಗೈ ಒತ್ತಿದಳು. ಗಾಡಿ ನಿಲ್ಲಿಸುವುದು ಅವರ ಕೈಯಲ್ಲೂ ಇರಲಿಲ್ಲ. ಕೊನೆಗೆ ಕಾವಲಿನ ಗಾಡಿ ಬಂದು, ನೀರು ಕೊಟ್ಟು, ನನ್ನನ್ನು ಮರ್ಯಾದೆಯಿಂದ ವಾಪಸು ತಂದು ಬಿಟ್ಟಿತು. ಆ ಸಂಜೆ ನಾನು ತುಂಬಾ ಅತ್ತೆ.

ಆಗ ಪಕ್ಕಕ್ಕೆ ಬಂದು ಕೂತವಳು ಬೀ ರೆಹೆಮಾ. ಹಿರಿಯ ಹೆಂಗಸರಿಗೆ ಇಲ್ಲಿ ಬೀ ಅನ್ನುತ್ತಾರೆ. ಅವಳೂ ಕಿಗೋಮಾಕ್ಕೆ ಹೊರಟವಳೇ. ಮೀನು ಹಿಡಿಯುವ ಮಗ ಸರೋವರದ ನಡುವಿನಲ್ಲಿ ಇದ್ದುದರಿಂದ ಮಣಿ ಒತ್ತಿರಲಿಲ್ಲ. ಅವಳು ನನಗೆ ಸಮಾಧಾನದ ಮಾತೊಂದನ್ನೂ ಹೇಳಲಿಲ್ಲ. ಕೈಗೆ ಉಗಾಲಿ, ಅಂದರೆ ಮೆಕ್ಕೆಜೋಳದ ಮುದ್ದೆ ಕೊಟ್ಟು, ‘ಅಳುವವರು ಹಸಿದುಕೊಂಡು ಅಳಬಾರದು’ ಎಂದಳು. ನಾನು ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದೆ. ಗುರುಪಾದನಿಗೆಂದು ಕುಟ್ಟಿದ್ದು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅವಳು ಕೆಮ್ಮಿ, ಕಣ್ಣೀರು ಸುರಿಸಿ, ಇನ್ನೊಂದು ಚಿಟಿಕೆ ಕೇಳಿದಳು.

ಮೊನ್ನೆ ಬೆಳಿಗ್ಗೆ ಅವಳ ಮಣಿ ಹಸಿರಾಯಿತು. ಮಗ ದಡಕ್ಕೆ ಬಂದಿದ್ದ. ಬೀ ರೆಹೆಮಾ ಬಾಗಿಲಲ್ಲಿ ನಿಂತು ಜುಮಾನನ್ನು ತರಾಟೆಗೆ ತೆಗೆದುಕೊಂಡಳು. ‘ಹುಯು ನಿ ವಾಂಗು’, ಇವಳು ನನ್ನವಳು, ನಾನು ಅಲ್ಲಿ ಹೋಗಿ ಇವಳಿಗಾಗಿ ಕಾಯುತ್ತೇನೆ, ಕಳಿಸು ಅಂದಳು. ಜುಮಾ ತಲೆ ತಗ್ಗಿಸಿದ. ಈಗ ಹೆಸರು ಸೇರಿಸುವಂತಿದ್ದರೂ ನೆಂಟಸ್ತಿಕೆ ಏನು, ಎಷ್ಟು ಕಾಲದ ಪರಿಚಯ ಎಂದು ಕಾನೂನು ಕೇಳುತ್ತದೆ. ಅವಳು ನನ್ನ ಕೈಯಿಂದ ಚಟ್ನಿಪುಡಿಯ ಡಬ್ಬಿ ಇಸಕೊಂಡು ಗಾಡಿ ಹತ್ತಿದಳು.

ಆ ಮಾತು ಕೇಳಿದ್ದೇ ನನಗೆ ನಿನ್ನ ನೆನಪಾಯಿತು. ನಿನ್ನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಒಂಟಿಯಾಗಿ ತಿರುಗಲು ಬಂದ ನೀನು ಇದೇ ಟಬೋರಾದ ಬಸ್ ನಿಲ್ದಾಣದಲ್ಲಿ ಮುಸ್ಸಂಜೆ ಇಳಿದದ್ದು, ಫೋನು ಸತ್ತಿದ್ದು, ಬೋಡಾಬೋಡಾ ಎಂಬ ಬಾಡಿಗೆ ಬೈಕಿನವರು ಸುತ್ತುವರಿದು ಒಬ್ಬ ನಿನ್ನ ಚೀಲಕ್ಕೆ ಕೈ ಹಾಕಿದ್ದು. ಶೇಂಗಾ ಮಾರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಬಂದು, ನಿನ್ನ ಮಣಿಕಟ್ಟು ಹಿಡಿದು ‘ಹುಯು ನಿ ವಾಂಗು’ ಎಂದದ್ದು. ಆಮೇಲೆ ಅದೇ ಬೈಕಿನವರಲ್ಲಿ ಒಬ್ಬನನ್ನು ಆರಿಸಿ, ‘ನಿನ್ನ ತಾಯಿ ನನಗೆ ಗೊತ್ತು, ಇವಳನ್ನು ಬಾಗಿಲ ತನಕ ಬಿಟ್ಟು ಬಾ’ ಎಂದು ಗದರಿದ್ದು. ನೀನು ಊರಿಗೆ ಮರಳಿ, ಒಂಟಿಯಾಗಿ ತಿರುಗುವವರಿಗೆಂದು ಒಂದು ಲೇಖನ ಬರೆದೆ. ಹೋದಲ್ಲಿ ‘ಇವಳು ನನ್ನವಳು’ ಅನ್ನುವವರು ಒಬ್ಬರು ಇರಲಿ, ಅದಕ್ಕಿಂತ ದೊಡ್ಡ ರಕ್ಷಣೆಯಿಲ್ಲ ಎಂದು ಮುಗಿಸಿದೆ. ಅದು ಊರೂರು ಸುತ್ತಿತು, ಭಾಷೆಯಿಂದ ಭಾಷೆಗೆ ಹೋಯಿತು. ಬಹಳ ಕಾಲದ ಮೇಲೆ ಕಾನೂನು ಮಾಡಲು ಕೂತವರು ಆ ಕೊನೆಯ ಸಾಲನ್ನೇ ಎತ್ತಿಕೊಂಡರು. ನಿನ್ನನ್ನು ಬೈಯುತ್ತಿಲ್ಲ ಅಜ್ಜಿ. ನೀನು ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು.

ನಿನ್ನೆ ಸಂಜೆ ಬೀ ರೆಹೆಮಾ ಆಸ್ಪತ್ರೆಯಿಂದ ಮಾತಾಡಿದಳು. ಮಗನ ಮನೆಗೂ ಹೋಗದೆ ನೇರ ಗುರುಪಾದನ ಹಾಸಿಗೆಯ ಬಳಿ ಕೂತಿದ್ದಾಳಂತೆ. ಡಬ್ಬಿಯ ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳಂತೆ. ಅವನು ಕಣ್ಣು ಬಿಟ್ಟು, ‘ಅಕ್ಕ ಎಲ್ಲಿ’ ಎಂದನಂತೆ. ಆದರೆ ಅವನ ಕೈಯಲ್ಲಿ ಇನ್ನೂ ಬಲವಿಲ್ಲ. ಅವನ ಬೆರಳನ್ನು ಬೇರೆಯವರು ಹಿಡಿದು ಒತ್ತಿದರೆ ಮಣಿ ಒಪ್ಪುವುದಿಲ್ಲ. ಇವತ್ತು ಬೆಳಿಗ್ಗೆಯೂ ನನ್ನ ಮಣಿ ಕಪ್ಪಾಗಿಯೇ ಇತ್ತು. ನಾಳೆಯದು ನಾಳೆಗೆ. ಅಷ್ಟರಲ್ಲಿ ಅವನಿಗೆ ಮತ್ತೆ ಎಚ್ಚರ ತಪ್ಪಿದರೆ ಎಂಬ ಭಯ ಬಿಡುತ್ತಿಲ್ಲ.

ನನ್ನ ತಮ್ಮನ ಪಕ್ಕದಲ್ಲಿ ಈಗ ಕೂತಿರುವವಳು ಅವನಿಗೆ ಯಾರೂ ಅಲ್ಲ. ಅವಳನ್ನು ಯಾವ ಕಾನೂನೂ ಅಲ್ಲಿ ಕೂರಿಸಿಲ್ಲ. ನೀನು ಇನ್ನೂ ಆ ಲೇಖನ ಬರೆದಿರದಿದ್ದರೆ, ದಾವಣಗೆರೆಯ ಮನೆಯಲ್ಲಿ ಇನ್ನೂ ಚೀಲವನ್ನೂ ಬಿಚ್ಚಿರದಿದ್ದರೆ, ನನ್ನದೊಂದು ಕೋರಿಕೆ ನಡೆಸಿಕೊಡು. ಉಳಿದುದನ್ನೆಲ್ಲ ಹೇಗೆ ಬೇಕೋ ಹಾಗೆ ಬರೆ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸು. ನನ್ನವಳು ಎಂದ ಆ ಶೇಂಗಾದ ಹೆಂಗಸು ನಿನ್ನನ್ನು ಅದಕ್ಕೆ ಮುಂಚೆ ಎಂದೂ ನೋಡಿರಲಿಲ್ಲ, ನಿನ್ನ ಹೆಸರನ್ನೂ ಕೇಳಲಿಲ್ಲ ಎಂದು ಬರೆ.

ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು,
ಕುಮುದಾ