ದೇವರ ಸಹಿಗಾಗಿ ನಿಂತ ಕಾರು

ಮಾನ್ಯ ವಾಹನ ನೋಂದಣಿ ಅಧಿಕಾರಿಗಳೇ,

ನನ್ನ ಬಿಳಿ ಮಾರುತಿ ಕಾರು ನಿಮ್ಮ ಕಚೇರಿಯ ಅಂಗಳದಲ್ಲಿ ನಿಂತು ತಿಂಗಳಾಗುತ್ತಾ ಬಂತು. ಅದು ಮದ್ರಾಸಿನಲ್ಲಿ ಹಡಗು ಹತ್ತಿ ಅಂಡಮಾನಿಗೆ ಹೋಗಬೇಕಾದ ಕಾರು. ಈಗ ನಮ್ಮೂರು ಕಳಸಕ್ಕೂ ವಾಪಸ್ ಬರುವಂತಿಲ್ಲ, ಸಮುದ್ರವನ್ನೂ ಕಾಣುವಂತಿಲ್ಲ. ಕಾರಣವಿಷ್ಟೇ: ನಾನು ಪ್ರಮಾಣ ಮಾಡಿ ನಿಜ ಹೇಳಿದೆ. ನಿಮ್ಮ ಕಚೇರಿಗೆ ಬಂದು ಹೇಳಿ ಹೇಳಿ ಸಾಕಾಗಿ ಪತ್ರಿಕೆಯ ಮೂಲಕ ಹೇಳುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಮಗಳು ನಾಗಶ್ರೀಗೆ ಎಳೆಯದರಲ್ಲೇ ಪೋಲಿಯೋ ಬಂದು ಎರಡೂ ಕಾಲಿನ ಬಲ ಹೋಯಿತು. ಅವಳನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು ನಾನು. ದೊಡ್ಡವಳಾದಂತೆ ಹೊರುವುದು ನನಗೆ ಕಷ್ಟವಾಯಿತು, ಹೊರಿಸಿಕೊಳ್ಳುವುದು ಅವಳಿಗೆ ಅದಕ್ಕಿಂತ ಕಷ್ಟವಾಯಿತು. ಆಮೇಲೆ ಮೂಡಿಗೆರೆಯ ಮೆಕ್ಯಾನಿಕ್ ಬೊಮ್ಮಯ್ಯನವರು ಈ ಕಾರಿಗೆ ಕ್ಲಚ್ಚು, ಬ್ರೇಕು, ಎಲ್ಲವನ್ನೂ ಕೈಯಲ್ಲೇ ಹಿಡಿಯುವಂತೆ ಅವಳ ಅಳತೆಗೆ ಲಿವರ್ ಕೂರಿಸಿಕೊಟ್ಟರು. ನಿಮ್ಮ ಕಚೇರಿಯೇ ಅದನ್ನು ನೋಡಿ, ಒಪ್ಪಿ, ದಾಖಲೆಯಲ್ಲಿ ಬರೆದಿದೆ. ಕಾರು ನನ್ನ ಹೆಸರಿನಲ್ಲಿ, ಓಡಿಸುವವಳು ಅವಳು. ಮೊದಲ ಸಲ ಒಬ್ಬಳೇ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಬಂದಳು. "ಏನಾದ್ರೂ ಕೆಲ್ಸ ಇತ್ತೇನೇ?" ಎಂದು ಕೇಳಿದೆ. "ಏನೂ ಇರ್ಲಿಲ್ಲಮ್ಮ, ಅದಕ್ಕೇ ಹೋಗಿದ್ದು" ಎಂದಳು.

ಈಗ ಅವಳು ಅಂಡಮಾನಿನಲ್ಲಿ ಮೇಡಂ. ಮೊದಲಿದ್ದ ಶಾಲೆ ಮನೆಯ ಪಕ್ಕದಲ್ಲೇ ಇತ್ತು. ಈ ವರ್ಷ ಗುಡ್ಡದ ಆಚೆಯ ಊರಿಗೆ ವರ್ಗವಾಗಿದೆ. ಅಲ್ಲಿಗೆ ಆಟೋ ಹೋಗುವುದಿಲ್ಲ, ಬಸ್ಸಿನ ಮೆಟ್ಟಿಲು ಅವಳ ಎದೆಯ ಎತ್ತರಕ್ಕಿದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಹಾಜರಾಗದಿದ್ದರೆ ಕೆಲಸ ಬಿಟ್ಟಂತೆ. ಅಂಥ ಲಿವರ್ ಮಾಡಿಕೊಡುವವರು ಆ ದ್ವೀಪದಲ್ಲಿಲ್ಲ. ಅದಕ್ಕೇ ಈ ಕಾರು ಹೋಗಬೇಕು. ನಿಮ್ಮ ನಿರಾಕ್ಷೇಪಣಾ ಪತ್ರವಿಲ್ಲದೆ ಹಡಗಿನವರು ಅದನ್ನು ಮುಟ್ಟುವುದಿಲ್ಲ. ಮಳೆಗೆ ಮುಂಚೆ ಹೊರಡುವ ಕೊನೆಯ ಹಡಗಿನಲ್ಲಿ ಜಾಗ ಹೇಳಿಟ್ಟಿದ್ದೇವೆ.

ಇನ್ನು ನಿಮ್ಮನ್ನು ಕಂಗೆಡಿಸಿದ ವಿಷಯ. ನಮ್ಮ ಊರಿನ ಕಡೆ ಹರಕೆ ಹೊತ್ತ ವಸ್ತುವನ್ನು, ಅದು ಕರುವಾಗಲಿ ಮೆಣಸಿನ ಮೂಟೆಯಾಗಲಿ, ದೇವರಿಗೆ ಒಪ್ಪಿಸಿ, ಪೂಜೆಯಾದ ಮೇಲೆ ಏಲಂ ಕೂಗಿ ನಾವೇ ಬಿಡಿಸಿಕೊಳ್ಳುತ್ತೇವೆ. ಒಪ್ಪಿಸಿದವರ ಮೇಲೆ ಬೇರೆಯವರು ಕೂಗುವುದಿಲ್ಲ. ಅದು ಬರೆದಿಟ್ಟ ಕಾನೂನಲ್ಲ, ಮರ್ಯಾದೆ. ಮಗಳು ತಾನಾಗಿ ಓಡಾಡುವಂತಾದರೆ ಅವಳನ್ನು ಒಯ್ಯುವ ವಾಹನವನ್ನು ಒಪ್ಪಿಸುತ್ತೇನೆಂದು ನಾನು ವೀರಭದ್ರ ಸ್ವಾಮಿಗೆ ಹೇಳಿಕೊಂಡಿದ್ದೆ. ಅವಳು ಕಾರು ಓಡಿಸತೊಡಗಿದ ವರ್ಷ ಕಾರ್ತೀಕ ಸೋಮವಾರ ಅದನ್ನು ಗುಡಿಯ ಮುಂದೆ ನಿಲ್ಲಿಸಿ ಬೀಗದ ಕೈಯನ್ನು ಪಾದದ ಬಳಿ ಇಟ್ಟೆ. ಏಲಂ ಹೊತ್ತಿಗೆ ಮೊಕ್ತೇಸರ ಮಲ್ಲಿಕಾರ್ಜುನಪ್ಪನವರು ತಮಾಷೆಗೆ, "ನಂಗೂ ಒಂದು ಕಾರು ಬೇಕಿತ್ತು ರುದ್ರಕ್ಕ, ಕೂಗ್ಲಾ?" ಎಂದರು. "ಕೂಗಿ ನೋಡು ಮಾರಾಯ, ನಾಳೆಯಿಂದ ನಿನ್ನ ಮನೆಗೆ ಮಜ್ಜಿಗೆ ಯಾರು ಕೊಡ್ತಾರೆ ನೋಡ್ತೀನಿ" ಎಂದೆ. ಎಲ್ಲರೂ ನಕ್ಕರು. ನಾನು ಕೂಗಿದೆ, ಬೀಗದ ಕೈ ಮರಳಿ ನನ್ನ ಸೆರಗಿಗೆ ಬಂತು.

ನಿಮ್ಮ ಕಚೇರಿಗೆ ಕೊಡಬೇಕಾದ ಅಫಿಡವಿಟ್‌ನಲ್ಲಿ ಒಂದು ಸಾಲಿತ್ತು: ಈ ವಾಹನವನ್ನು ಹಿಂದೆ ಯಾರಿಗಾದರೂ ಮಾರಿದ್ದು, ದಾನ ಕೊಟ್ಟದ್ದು ಉಂಟೇ? ಮೇಲೆ 'ದೇವರ ಮೇಲೆ ಪ್ರಮಾಣ ಮಾಡಿ' ಎಂದು ನೀವೇ ಅಚ್ಚು ಹಾಕಿಸಿದ್ದೀರಿ. ಯಾವ ದೇವರಿಗೆ ಕೊಟ್ಟೆನೋ ಆ ದೇವರ ಮೇಲೇ ಆಣೆಯಿಟ್ಟು, ಅವನಿಗೆ ಕೊಟ್ಟೇ ಇಲ್ಲವೆಂದು ಹೇಗೆ ಬರೆಯಲಿ? ನಡೆದದ್ದನ್ನು ಬರೆಸಿದೆ.

ನಿಮ್ಮ ಗುಮಾಸ್ತರು ಅದನ್ನು ಎರಡು ಸಲ ಓದಿದರು. "ಅಮ್ಮಾ, ಹಾಗಾದ್ರೆ ಗಾಡಿ ಒಮ್ಮೆ ದೇವಸ್ಥಾನಕ್ಕೆ ಹೋಯ್ತು, ಮತ್ತೆ ನಿಮಗೆ ಬಂತು. ಎರಡು ಸಲ ಮಾಲೀಕರು ಬದಲಾದ್ರು. ಎರಡೂ ರಿಜಿಸ್ಟರ್ ಆಗಿಲ್ಲ."

"ಒಂದು ಪೂಜೆ ಮುಗಿಯೋ ಹೊತ್ತು ಅಷ್ಟೇ ಸ್ವಾಮಿ."

"ಹೊತ್ತು ಎಷ್ಟಾದ್ರೇನು, ಮಾಲೀಕ ಮಾಲೀಕನೇ. ಹಿಂದಿನ ಮಾಲೀಕರ ಸಹಿ ಬೇಕು."

"ಹಿಂದಿನ ಮಾಲೀಕ ವೀರಭದ್ರ ಸ್ವಾಮಿ."

"ಕರ್ಕೊಂಡು ಬನ್ನಿ" ಎಂದರು. ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಅದು ತಮಾಷೆಯೆಂದೇ ಆಗ ತಿಳಿದಿದ್ದೆ. ಇತ್ಯರ್ಥವಾಗುವ ತನಕ ಕಾರು ಇಲ್ಲೇ ಇರಲಿ ಎಂದು ನೀವು ಹೇಳಿ ಕಳಿಸಿದಾಗ ತಮಾಷೆ ಮುಗಿಯಿತು.

ದೇವರ ಪರವಾಗಿ ಸಹಿ ಹಾಕಿಕೊಡಿ ಎಂದು ಮಲ್ಲಿಕಾರ್ಜುನಪ್ಪನವರ ಮನೆಗೆ ಹೋದೆ. ಅವರು ನಗಲಿಲ್ಲ. "ರುದ್ರಕ್ಕ, ನಾನು ಸಹಿ ಹಾಕಿದ್ರೆ ಕಾರು ದೇವರ ಆಸ್ತಿ ಅಂತ ದಾಖಲೆಗೆ ಬರುತ್ತೆ. ಆಮೇಲೆ ಪೇಪರಿಗೆ ಕೊಟ್ಟು ಬಹಿರಂಗ ಹರಾಜು ಮಾಡ್ಬೇಕು. ಕಡೂರಿನಿಂದ, ಹಾಸನದಿಂದ ಕಾರಿನ ವ್ಯಾಪಾರದವ್ರು ಬರ್ತಾರೆ. ನಮ್ಮೂರವ್ರ ಹಾಗೆ ಬಾಯಿ ಮುಚ್ಕೊಂಡು ನಿಲ್ಲೋರಲ್ಲ ಅವ್ರು" ಎಂದರು. ಅಂದರೆ ನಿಮ್ಮ ದಾರಿಯಲ್ಲಿ ಸರಿಯಾಗಿ ನಡೆದರೆ ಕಾರೇ ಕೈ ತಪ್ಪುತ್ತದೆ, ಅಡ್ಡದಾರಿ ಹಿಡಿದರೆ ಸಿಗುತ್ತದೆ. ಇದನ್ನು ರೂಪಿಸಿದವರು ಯಾರು ಸ್ವಾಮಿ? ಅವರ ಮನೆಯಲ್ಲಿ ಹರಕೆ ಹೊರುವವರು ಯಾರೂ ಇಲ್ಲವೇ?

ಆ ಅಡ್ಡದಾರಿಯನ್ನು ತೋರಿಸಿದವರು ಬೇರೆ ಯಾರೂ ಅಲ್ಲ, ತಾವೇ. ಕಳೆದ ವಾರ ತಮ್ಮ ಕೋಣೆಯಲ್ಲಿ ಬಹಳ ಮೃದುವಾಗಿ, "ಆ ಸಾಲಿಗೆ 'ಇಲ್ಲ' ಅಂತ ಬರೆದು ಹೊಸ ಅಫಿಡವಿಟ್ ತನ್ನಿ ಅಮ್ಮ, ಇವತ್ತೇ ಕೊಟ್ಬಿಡ್ತೀನಿ" ಎಂದಿರಿ. ನಿಜಕ್ಕೆ ತಿಂಗಳು ಬೇಕು, ಸುಳ್ಳಿಗೆ ಒಂದು ಬೆಳಗು ಸಾಕು. ಗುಡಿಯ ಅಯ್ಯನವರನ್ನು ಕೇಳಿದೆ. "ಬರೆದ್ಬಿಡಮ್ಮ, ನಿನ್ನ ಕಷ್ಟ ದೇವರಿಗೆ ಗೊತ್ತಾಗುತ್ತೆ" ಎಂದರು. "ಅವನಿಗೆ ಗೊತ್ತಾಗುತ್ತೆ ಅನ್ನೋದೇ ನನ್ನ ಭಯ ಅಯ್ನೋರೇ" ಎಂದೆ.

ಮೊನ್ನೆ ಮಗಳಿಗೆ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿ ಎಲ್ಲ ಹೇಳಿದೆ. "ನನ್ನ ಕಾಲು ತಗೊಳ್ಳುವಾಗ ದೇವರು ಯಾರ ಸಹಿ ಕೇಳಿದ್ದ ಅಮ್ಮ? ನೀನು ಒಂದು 'ಇಲ್ಲ' ಅನ್ನೋಕೆ ಇಷ್ಟು ಯೋಚ್ನೆ ಮಾಡ್ತೀಯಲ್ಲ" ಎಂದಳು. ಆಮೇಲೆ ಅವಳೇ, "ಆಯ್ತು, ಸುಳ್ಳು ಹೇಳ್ಬೇಡ. ಆದ್ರೆ ನಾನು ಈ ಮನೆಯಿಂದ ಹೊರಗೆ ಹೋಗೋದು ಹೇಗೆ ಅಂತ ನೀನೇ ಹೇಳು" ಎಂದಳು. ಅಂದಿನಿಂದ ದೀಪ ಹಚ್ಚಿ ಕುಳಿತರೆ ಮಂತ್ರ ಬಾಯಿಗೆ ಬರುವುದಿಲ್ಲ, ಆ ಮಾತೇ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ನಾನು ಬರೆಸಿಕೊಟ್ಟದ್ದನ್ನು ಹಾಗೆಯೇ ಇಟ್ಟುಕೊಂಡು ನಿರಾಕ್ಷೇಪಣಾ ಪತ್ರ ಕೊಡಿ. ಅದಾಗದಿದ್ದರೆ, 'ಅರ್ಜಿದಾರಳು ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳತಕ್ಕದ್ದು' ಎಂದು ಮೊಹರು ಒತ್ತಿ ಆದೇಶ ಕೊಡಿ, ಪಾಪದಲ್ಲಿ ಸರ್ಕಾರದ ಪಾಲೂ ಇರಲಿ. ಎರಡೂ ಆಗದು ಎನ್ನುವಿರಾದರೆ ಬರುವ ಸೋಮವಾರ ನಾನೇ ಬಂದು 'ಇಲ್ಲ' ಎಂದು ಬರೆದು ಸಹಿ ಹಾಕುತ್ತೇನೆ. ನನ್ನ ಮಗಳು ಮನೆಯಿಂದ ಹೊರಗೆ ಬರಬೇಕು. ಆದರೆ ನಾನು ಸಹಿ ಹಾಕಿ ಮುಗಿಸುವ ತನಕ ತಾವು ಎದುರಿಗೆ ಕುಳಿತು ನನ್ನ ಮುಖವನ್ನೇ ನೋಡುತ್ತಿರಬೇಕು. ಫೈಲಿನ ಕಡೆ ಕಣ್ಣು ಇಳಿಸಬಾರದು.

ಇಂತಿ,
ದೇವರು ಬಿಟ್ಟುಕೊಟ್ಟದ್ದನ್ನು ಕಚೇರಿಯಿಂದ ಬಿಡಿಸಿಕೊಳ್ಳಲಾರದ
ರುದ್ರಾಣಿ, ಕಳಸ