ಚಿಪ್ಪು ಕಟ್ಟಿದ ಮಳೆಮೊಗ್ಗು

ಮೂರನೆಯ ಅಟ್ಟಗೇರಿ, ಕುಂದುವಾಡ ಕೆರೆ ದಂಡೆ, ದಾವಣಗೆರೆ
ಪ್ಲವ ಸಂವತ್ಸರ, ಜೂನ್ 31, 2201

ಹೊಸದಾಗಿ ಮನೆ ಕಟ್ಟಿಸಲು ಹೊರಟಿರುವ ಹಿಂದಿನ ಕಾಲದವರಿಗೆ,

ರೆಸ್ಪೆಕ್ಟೆಡ್ ಸರ್ ಆರ್ ಮೇಡಂ,

ತಾರೀಖು ನೋಡಿ ನಗಬೇಡಿ. ನಿಮ್ಮ ಜೂನಿಗೆ ಮೂವತ್ತೇ ದಿನ ಎಂದು ನನಗೂ ಗೊತ್ತು. ತಿಂಗಳುಗಳನ್ನು ಸರಿಪಡಿಸುತ್ತೇವೆಂದು ಹೊರಟ ನಮ್ಮ ಕಾಲದ ಪಂಡಿತರು ಒಂದು ಕಡೆ ಕಿತ್ತು ಇನ್ನೊಂದು ಕಡೆ ಹಚ್ಚಿ ಹೀಗೆ ಮಾಡಿಟ್ಟಿದ್ದಾರೆ. ನನ್ನ ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನೀವು ಹಳಗನ್ನಡ ಓದಿದ ಹಾಗೆ ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು. ಉಳಿದಿರುವುದು ಅರ್ಜಿಯ ತಲೆ ಮತ್ತು ಬಾಲ ಮಾತ್ರ, ನಡುವಿನ ಹೊಟ್ಟೆಯನ್ನು ಕನ್ನಡದಲ್ಲೇ ತುಂಬುತ್ತೇನೆ.

ಇಲ್ಲಿ ಎಪ್ಪತ್ತು ದಾಟಿದವರಿಗೆ ಒಂದು ಹಿಂಗಾಗದ ಕೊಡುತ್ತಾರೆ. ಹಿಂದಿನ ಕಾಲಕ್ಕೆ ಕಳುಹಿಸಬಹುದಾದ ಕಾಗದ ಅದು, ಒಬ್ಬರಿಗೆ ಒಂದೇ. ಯುದ್ಧ, ಚುನಾವಣೆ, ಕ್ರಿಕೆಟ್ಟು ಬರೆದರೆ ತಿರುಗಿ ಬರುತ್ತದೆ. ನಮ್ಮ ಕೇರಿಯ ಹೆಚ್ಚಿನವರು ಲೋಕೋದ್ಧಾರದ ಉಪದೇಶ ಬರೆದರು. ನನಗೆ ತೋಚಿದ್ದು ಸೂರಿನ ವಿಷಯ. ಪರೀಕ್ಷೆಯಲ್ಲಿ ನಮಗೆ ‘ಅಡ್ವಾಂಟೇಜಸ್ ಆ್ಯಂಡ್ ಡಿಸ್‌ಅಡ್ವಾಂಟೇಜಸ್’ ಎಂದು ಪ್ರಬಂಧ ಬರುತ್ತಿತ್ತು. ಅಡ್ವಾಂಟೇಜ್ ಮನೆ ಯಜಮಾನ ಇದ್ದ ಹಾಗೆ, ಡಿಸ್‌ಅಡ್ವಾಂಟೇಜ್ ಅವನ ಜೊತೆ ಬಂದು ತಿಂಗಳುಗಟ್ಟಲೆ ಉಳಿದುಬಿಡುವ ಮೈದುನ ಇದ್ದ ಹಾಗೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆ ಮಾತು ಸರಿ ಎಂದು ಅರ್ಥವಾಗಲು ನನಗೆ ಐವತ್ತು ವರ್ಷ ಬೇಕಾಯಿತು.

ಅಟ್ಟಗೇರಿ ಎಂದರೆ ಕೇರಿಯ ಮೇಲೆ ಕೇರಿ. ನೀವು ನೆಲದ ಮೇಲೆ ಉದ್ದಕ್ಕೆ ಕಟ್ಟಿದ ಬೀದಿಯನ್ನು ನಾವು ಅಟ್ಟದಂತೆ ಒಂದರ ತಲೆಯ ಮೇಲೊಂದು ಹೇರಿದ್ದೇವೆ. ನಮ್ಮ ಅಟ್ಟದಲ್ಲಿ ನನ್ನದನ್ನು ಬಿಟ್ಟು ಐವತ್ತೆರಡು ಮನೆ. ಗೋಡೆಗಳೆಲ್ಲ ಒತ್ತಿ ಮಾಡಿದ ಬಿದಿರಿನವು, ಬೇಸಿಗೆಗೆ ತಂಪು. ಆದರೆ ಪಕ್ಕದವರು ಕೆಮ್ಮಿದರೆ ನಮ್ಮ ಮನೆಯಲ್ಲಿ ನೀರು ಕೊಡಬೇಕು ಅನಿಸುತ್ತದೆ, ಅಷ್ಟು ತೆಳು. ಒಂದು ಮನೆಗೆ ಬೆಂಕಿ ಬಿದ್ದರೆ ಪಕ್ಕದ ಮನೆಗೂ ದಾಟುತ್ತದೆ, ಹಾಗಾಗಿ ಪ್ರತಿ ಮನೆಯ ಸೂರಿನಲ್ಲೂ ಮಳೆಮೊಗ್ಗು ಇದೆ. ನಿಮ್ಮ ಕಾಲದ ದೊಡ್ಡ ಅಂಗಡಿಗಳಲ್ಲಿ ತಲೆ ಎತ್ತಿದರೆ ಕಾಣುವ ಸ್ಪ್ರಿಂಕ್ಲರೇ ಅದು. ಕೊಳವೆಯ ತುದಿಗೆ ಕಿರುಬೆರಳ ಗಾತ್ರದ ಗಾಜಿನ ಗುಳಿಗೆ, ಒಳಗೆ ಕೆಂಪು ದ್ರವ. ಕೆಳಗೆ ಬೆಂಕಿಯ ಕಾವು ಏರಿದರೆ ಗುಳಿಗೆ ಒಡೆದು ನೀರು ಹರಡುತ್ತದೆ. ಒಗ್ಗರಣೆಯ ಹೊಗೆಗೆ ಒಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ಕಾವು. ಒಂದು ಒಡೆದರೆ ಎಲ್ಲವೂ ಒಡೆಯುತ್ತವೆ ಎಂಬುದೂ ಸುಳ್ಳು. ಯಾವುದರ ಕೆಳಗೆ ಉರಿಯೋ ಅದೊಂದೇ.

ಇದನ್ನು ಕೇರಿಗೆಲ್ಲ ಮೂವತ್ತೊಂದು ವರ್ಷ ಹೇಳಿದವಳು ನನ್ನ ಹೆಂಡತಿ ಹಾಲಮ್ಮ. ಅವಳು ಅಟ್ಟದ ಮೊಗ್ಗಮ್ಮ, ಅಂದರೆ ಮನೆಮನೆಯ ಮಳೆಮೊಗ್ಗು ಪರೀಕ್ಷಿಸುವವಳು. ಸುಣ್ಣ ಬಳಿಯುವಾಗ ಮೊಗ್ಗಿಗೂ ಬಳಿದವರಿಗೆ, ಅದಕ್ಕೆ ತೊಟ್ಟಿಲ ಹಗ್ಗ ಕಟ್ಟಿದವರಿಗೆ ಅವಳ ಬಾಯಲ್ಲಿ ಮಂಗಳಾರತಿ. ಇಷ್ಟಾದರೂ ಒಂದು ಪದ್ಧತಿಯನ್ನು ಮಾತ್ರ ಅವಳು ಬಿಡಿಸಲಾರದೆ ಹೋದಳು. ಹಬ್ಬಕ್ಕೆ ಬಾಣಲೆ ಇಟ್ಟು ಮಿರ್ಚಿ ಕರಿಯುವಾಗ ಹೊಗೆಗೆ ಎಲ್ಲಿ ಮೊಗ್ಗು ಒಡೆದೀತೋ ಎಂದು ಅದಕ್ಕೆ ತೆಂಗಿನ ಚಿಪ್ಪು ಕವುಚಿ ದಾರ ಬಿಗಿಯುತ್ತಾರೆ. ಬೈದು ಸಾಕಾಗಿ ಅವಳೇ ಒಂದು ಕಟ್ಟಳೆ ಮಾಡಿದಳು: ಹಬ್ಬದ ಮಾರನೆಯ ಬೆಳಗ್ಗೆ ಬಿಚ್ಚಿದ ಚಿಪ್ಪನ್ನು ಹೊಸ್ತಿಲ ಮೇಲಿಡಬೇಕು. ಚಿಪ್ಪು ಕಾಣದ ಮನೆಗೆ ಯಾರು ಬೇಕಾದರೂ ನುಗ್ಗಿ ಬಿಚ್ಚಬಹುದು.

ಅವಳು ಹೋಗಿ ಮೂರು ವರ್ಷವಾಯಿತು. ನನಗೆ ಬಿಟ್ಟುಹೋದದ್ದು ಮೂವತ್ತೊಂದು ನೋಟುಪುಸ್ತಕ, ವರ್ಷಕ್ಕೊಂದು. ನಮ್ಮಲ್ಲಿ ಕಾಗದ ಬಲು ಅಪರೂಪ, ಆದರೂ ಅವಳು ಹಟ ಹಿಡಿದು ಕಾಗದದಲ್ಲೇ ಬರೆದಳು. ಯಾವ ಮನೆ, ಯಾವ ಮೊಗ್ಗು, ಅಂದು ಆ ಮನೆಯಲ್ಲಿ ಏನು ಅಡುಗೆ, ಯಾರು ಯಾರ ಮೇಲೆ ಮುನಿದಿದ್ದರು, ಎಲ್ಲ. ನಾನು ದಿನಕ್ಕೆ ಒಂದೇ ಪುಟ ಓದುತ್ತಿದ್ದೆ. ಕೊನೆಯ ಪುಸ್ತಕವನ್ನು ತೆರೆದೇ ಇರಲಿಲ್ಲ. ಅದನ್ನೂ ಮುಗಿಸಿಬಿಟ್ಟರೆ ಅವಳಿಗೆ ನನ್ನ ಹತ್ತಿರ ಹೇಳುವುದು ಏನೂ ಉಳಿಯುವುದಿಲ್ಲವಲ್ಲ ಎಂಬ ಅಂಜಿಕೆ. ಪುಸ್ತಕಗಳಿದ್ದದ್ದು ನಡುಮನೆಯ ಹಲಗೆಯ ಮೇಲೆ, ಮೊಗ್ಗಿನ ನೇರ ಕೆಳಗೆ. ಒಲೆಯೂ ಅದೇ ನಡುಮನೆಯ ಮೂಲೆಯಲ್ಲಿ.

ಈ ಯುಗಾದಿಗೆ ನಾನೂ ಚಿಪ್ಪು ಕಟ್ಟಿದೆ. ಬಿಚ್ಚಲು ಸ್ಟೂಲು ಹತ್ತಿದವನು ಕೆಳಗೆ ಪುಸ್ತಕಗಳನ್ನು ನೋಡಿ ಹಾಗೇ ಇಳಿದೆ. ಬೆಂಕಿಗಿಂತ ನೀರಿನ ಭಯವೇ ದೊಡ್ಡದಾಗಿ ಕಂಡಿತು. ಒಲೆಯ ಪಕ್ಕದಲ್ಲಿದ್ದ ಬೇರೊಂದು ಚಿಪ್ಪನ್ನು ಹೊಸ್ತಿಲ ಮೇಲಿಟ್ಟು ಸಂಭಾವಿತನಂತೆ ಕುಳಿತೆ. ಪಕ್ಕದ ಮನೆಯ ನೀಲವ್ವ ಮೂರು ವಾರ ಸುಮ್ಮನಿದ್ದು ಒಂದು ದಿನ ಒಳಗೇ ಬಂದಳು. ಐವತ್ತರ ಹೆಂಗಸು, ಹಾಲಮ್ಮನ ಶಿಷ್ಯೆ.

“ಮಾವ, ಯುಗಾದಿ ಮರುದಿನ ನೀವು ಇಟ್ಟಿದ್ದ ಚಿಪ್ಪು ಮೊಗ್ಗಿಂದಲ್ಲ.”

“ಯಾಕವ್ವ, ಅದರ ಮ್ಯಾಲೆ ಹೆಸರು ಬರ್ದಿತ್ತೇನು?”

“ಹೆಸರು ಯಾಕೆ ಬೇಕು? ದಾರ ಪೋಣಿಸಿದ ತೂತಿಲ್ಲ, ಎಣ್ಣಿ ಜಿಡ್ಡಿಲ್ಲ. ಚಟ್ನಿಗೆ ಒಡ್ದ ಕಾಯಿದು. ಈಗ ತಲಿ ಎತ್ತಿ ನೋಡಿದ್ರೆ ಅಲ್ಲೈತಿ ನಿಮ್ಮ ಕಳ್ಳತನ.” ಅವಳಿಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದಿತ್ತು. “ಪುಸ್ತಕದ ಚಿಂತಿ ಇದ್ರೆ ತಗಡಿನ ಪೆಟ್ಟಿಗ್ಯಾಗೆ ಇಡ್ರಿ. ನಾನೇ ಕೊಡ್ತೀನಿ.”

“ಒಂದ್ಸಲ ಮಣ್ಣಾಗಿಟ್ಟು ಬಂದೀನಿ ನೀಲವ್ವ. ಮತ್ತೆ ಪೆಟ್ಟಿಗ್ಯಾಗೆ ಇಡು ಅನ್ಬ್ಯಾಡ.”

ಅವಳು ಹಲಗೆಯ ಮೇಲೆ ವಾಲಿದ್ದ ಪುಸ್ತಕವೊಂದನ್ನು ನೆಟ್ಟಗಿಟ್ಟಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದಳು. “ಪುಸ್ತಕ ತೋಯ್ದ್ರೆ ಒಣಗ್ತಾವೆ. ಈ ಗ್ವಾಡಿ ಆಚಿಗೆ ನಮ್ಮವ್ವ ಮಲಗ್ಯಾಳೆ. ಎದ್ದು ಓಡಾಕೆ ಆಗಲ್ಲ ಅಕಿಗೆ. ಸೋಮವಾರದ ತನಕ ನೋಡ್ತೀನಿ. ಆಮ್ಯಾಲೆ ನಾನೇ ಸ್ಟೂಲ್ ತಂದು ಹತ್ತಾಕಿ.”

ಸೋಮವಾರ ಬರುವ ಮೊದಲೇ ಶನಿವಾರ ಬಂತು. ಮಧ್ಯಾಹ್ನ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಇಪ್ಪತ್ನಾಲ್ಕನೆಯ ಪುಸ್ತಕ ಹಿಡಿದು ಕುಳಿತಿದ್ದೆ. ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕಿದ್ದ ಟವೆಲ್ಲು ಯಾವಾಗ ಜಾರಿತೋ ಗೊತ್ತಾಗಲಿಲ್ಲ. ವಾಸನೆ ಬಂದು ಎದ್ದಾಗ ಕಿಟಕಿಯ ಲಾವಂಚದ ಪರದೆ ಹತ್ತಿಕೊಂಡಿತ್ತು. ಎರಡು ಚೊಂಬು ನೀರು ಎರಚುವಷ್ಟರಲ್ಲಿ ಉರಿ ಬಿದಿರಿನ ಗೋಡೆಯ ಮೇಲ್ತುದಿ ನೆಕ್ಕುತ್ತಿತ್ತು. ನೀಲವ್ವನ ಗೋಡೆ ಅದು.

ಸತ್ಯವನ್ನೇ ಬರೆಯುತ್ತೇನೆ. ನನ್ನ ಕೈ ಮೊದಲು ಹೋದದ್ದು ಪುಸ್ತಕಗಳ ಕಡೆಗೆ. ಎರಡು ತೋಳಿಗೆ ಎಂಟೋ ಹತ್ತೋ ಸಿಕ್ಕವು. ಬಾಗಿಲ ತನಕ ಹೋಗಿಬಿಟ್ಟಿದ್ದೆ. ಆಗ ಗೋಡೆಯ ಆಚೆಯಿಂದ ಮುದುಕಿಯ ಕೆಮ್ಮು ಕೇಳಿಸಿತು. “ನೀಲೀ, ಏನೋ ಸುಟ್ಟ ವಾಸ್ನಿ ಬರ್ತೈತಲ್ಲೇ” ಎಂದು ಮಗಳನ್ನು ಕರೆಯುತ್ತಿದ್ದಳು. ಮಗಳು ಮನೆಯಲ್ಲಿರಲಿಲ್ಲ.

ಪುಸ್ತಕಗಳನ್ನು ಅಲ್ಲೇ ಬಿಟ್ಟು ಬಟ್ಟೆ ಒಣಹಾಕುವ ಗಳ ತೆಗೆದುಕೊಂಡು ಚಿಪ್ಪಿಗೆ ಹೊಡೆದೆ. ಮೊದಲ ಏಟು ತಪ್ಪಿತು. ಎರಡನೆಯದಕ್ಕೆ ದಾರ ಹರಿದು ಚಿಪ್ಪು ಉರುಳಿತು. ಹತ್ತು ಉಸಿರು ಎಳೆದಿರಬಹುದು, ಗುಳಿಗೆ ಟಕ್ಕೆಂದಿತು. ಆಮೇಲೆ ಬಿದ್ದ ನೀರನ್ನು ನಾನು ವರ್ಣಿಸಲಾರೆ. ಉರಿ ಕುಗ್ಗಿ ಸೊರಗಿ ಸಪ್ಪಗಾಯಿತು. ಒಳಕೋಣೆಯ ಮೊಗ್ಗು ಕಣ್ಣೇ ಬಿಡಲಿಲ್ಲ. ನೆರೆಯವರು ಓಡಿಬಂದು ಕೊಳವೆಯ ಕೀಲಿ ತಿರುಗಿಸುವ ತನಕ ನಾನು ನೀರಿನಲ್ಲಿ ನಿಂತಿದ್ದೆ, ಪುಸ್ತಕಗಳೂ ನೀರಿನಲ್ಲಿದ್ದವು. ನೀಲವ್ವನ ತಾಯಿಯ ಹಾಸಿಗೆಗೆ ಒಂದು ಕಿಡಿಯೂ ತಾಗಲಿಲ್ಲ.

ನೀಲವ್ವ ಬಂದವಳು ನನ್ನನ್ನು ಬೈಯಲಿಲ್ಲ. ಸೀರೆ ಸೆರಗು ಸಿಕ್ಕಿಸಿ, “ಹಗ್ಗ ತರ್ರಿ ಎಲ್ರೂ” ಎಂದಳು. ಅಟ್ಟದ ಪಡಸಾಲೆಯ ಉದ್ದಕ್ಕೂ ಹಗ್ಗ ಕಟ್ಟಿ, ಪುಟ ಪುಟ ಬಿಡಿಸಿ, ಚಿಮಟಿಗೆ ಹಾಕಿ ಒಣಗಲು ಬಿಟ್ಟರು. ಹಾಲಮ್ಮ ಬರೆದದ್ದು ಪೆನ್ಸಿಲಿನಲ್ಲಿ. ಪೆನ್ಸಿಲ್ ನೀರಿಗೆ ಹೆದರುವುದಿಲ್ಲ. ಕಾಗದ ಸುಕ್ಕಾಯಿತು, ಅಕ್ಷರ ಕದಲಲಿಲ್ಲ. ಕೇರಿಗೆ ಕೇರಿಯೇ ನಿಂತು ತಂತಮ್ಮ ಮನೆಯ ವಿಷಯ ಓದಿಕೊಂಡಿತು ನೋಡಿ! “ಏಳನೆ ಮನೆ. ಮೊಗ್ಗಿಗೆ ಬಾಳೆಗೊನೆ ನೇತುಹಾಕಿದ್ದರು. ಬೈದೆ. ಎರಡು ಹಣ್ಣು ಕೊಟ್ಟರು. ತಿಂದು ಮತ್ತೆ ಬೈದೆ.” ಆ ಮನೆಯವರಿಗೆ ಒಂದು ವಾರ ಕೇರಿಯಲ್ಲಿ ತಲೆ ಎತ್ತಲಾಗಲಿಲ್ಲ. ಇನ್ನೊಂದು ಪುಟ: “ಹದಿನಾಲ್ಕನೆ ಮನೆ ಸೊಸೆ ಒಬ್ಬಳೇ ಅಳುತ್ತಿದ್ದಳು. ಮೊಗ್ಗು ನೋಡುವ ನೆವದಲ್ಲಿ ಅರ್ಧ ಗಂಟೆ ಕೂತೆ.” ಆ ಸೊಸೆ ಈಗ ಅಜ್ಜಿ. ಪುಟದ ಮುಂದೆ ನಿಂತು ಎರಡು ಸಲ ಓದಿ, ಕಣ್ಣು ಒರೆಸಿಕೊಂಡು ಹೋದಳು.

ಕೊನೆಯ ಪುಸ್ತಕ ಮಾತ್ರ ಉಳಿಯಲಿಲ್ಲ. ಮೂವತ್ತು ವರ್ಷ ಮೊಗ್ಗಮ್ಮನಾಗಿ ದುಡಿದಳೆಂದು ನಾನೇ ಅವಳಿಗೊಂದು ಮಸಿ ಪೆನ್ನು ಉಡುಗೊರೆ ಕೊಟ್ಟಿದ್ದೆ, ಆ ವರ್ಷ ಪೂರಾ ಅದರಲ್ಲೇ ಬರೆದಿದ್ದಳು. ಬಿಡಿಸಿ ನೋಡಿದರೆ ಪುಟಪುಟವೂ ನೀಲಿ ಕೆರೆ. ಓದದೆ ಕೂಡಿಟ್ಟುಕೊಂಡವನು ನಾನು, ಯಾರ ಮೇಲೆ ಸಿಟ್ಟಾಗಲಿ? ಹಗ್ಗದ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟೆ.

ನೀಲವ್ವ ಬಂದು ಪಕ್ಕದಲ್ಲಿ ಕೂತಳು. “ಆ ವರ್ಷ ಹಾಲಮ್ಮತ್ತೆ ನಮ್ಮನಿಗೂ ಬಂದಿದ್ಲು. ಏನಂದ್ಲು ಅಂತ ನನಗೆ ನೆನಪೈತಿ. ಹೇಳ್ಲೇನು?”

“ಹೇಳವ್ವ.”

“‘ನಮ್ಮನಿಯವ್ರ ಇಂಗ್ಲಿಷ್ ಯಾರೂ ತಿದ್ದಾಕೆ ಹೋಗ್ಬ್ಯಾಡ್ರಿ. ತಪ್ಪೈತಿ ಅಂತ ಗೊತ್ತಾದ್ರೆ ಮಾತೇ ಬಿಟ್ಟಾರು, ಆಮ್ಯಾಲೆ ನನಗೆ ಹೊತ್ತು ಹೋಗಲ್ಲ’ ಅಂದ್ಲು.”

ನಾನು ನಕ್ಕೆ, ಅತ್ತೂಬಿಟ್ಟೆ. ನೀವೂ ನನ್ನ ಇಂಗ್ಲಿಷನ್ನು ತಿದ್ದಬೇಕಾಗಿಲ್ಲ.

ಈಗ ಪ್ರಬಂಧಕ್ಕೆ ಬರೋಣ. ಡಿಸ್‌ಅಡ್ವಾಂಟೇಜ್ ಬೇಕಾದಷ್ಟಿವೆ. ಸೂರಿಗೆ ಏನೂ ನೇತುಹಾಕುವಂತಿಲ್ಲ. ಕೊಳವೆ ಎಲ್ಲಾದರೂ ಜಿನುಗಿದರೆ ಗೋಡೆ ಬೂಸಲು. ಮೇಲಿನ ತೊಟ್ಟಿಯ ಮುಟ್ಟದ ನೀರನ್ನು, ಅಂದರೆ ಬೆಂಕಿಗೆಂದೇ ಮೀಸಲಿಟ್ಟ ನೀರನ್ನು, ನಲ್ಲಿ ಒಣಗಿದ ಬೇಸಿಗೆಯಲ್ಲೂ ಮುಟ್ಟುವಂತಿಲ್ಲ; ಬಾಯಾರಿದವನಿಗೆ ಅದು ದೊಡ್ಡ ಶಿಕ್ಷೆ. ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಬೇಕು. ಒಡೆದ ಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಮುಗ್ಗುಲು ನಾತ. ನೀರಿಗೆ ಬೆಂಕಿ ಯಾವುದು, ಹೆಂಡತಿಯ ಅಕ್ಷರ ಯಾವುದು ಎಂದು ತಿಳಿಯುವುದಿಲ್ಲ. ಅಡ್ವಾಂಟೇಜ್ ಒಂದೇ. ಗೋಡೆಯ ಆಚೆಯ ಮುದುಕಿ ಇವತ್ತು ಬೆಳಗ್ಗೆಯೂ ಕೆಮ್ಮಿದಳು. ನನಗೆ ಆ ಸದ್ದು ಬಹಳ ಹಿತವಾಗಿ ಕೇಳಿಸುತ್ತದೆ.

ಆದ್ದರಿಂದ ನಿಮ್ಮಲ್ಲಿ ಕೋರಿಕೆ. ಗೋಡೆ ಏಳುವಾಗಲೇ ಕೊಳವೆ ಎಳೆಸಿಬಿಡಿ, ಆಮೇಲೆ ಒಡೆದು ಹಾಕಿಸುವುದು ಎರಡು ಪಟ್ಟು ಕೆಲಸ. ಮೊಗ್ಗಿಗೆ ಬಣ್ಣ ಬಳಿಯಬೇಡಿ, ಅದರ ಮೇಲೆ ಏನನ್ನೂ ಕವುಚಬೇಡಿ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ಚೊಂಬಿನ ನೀರು ಎರಚದೆ ತಟ್ಟೆ ಮುಚ್ಚಿ. ನಿಮ್ಮ ಮನೆಯವರು ಏನಾದರೂ ಬರೆದಿಟ್ಟಿದ್ದರೆ ಅವರು ಎದುರಿಗಿರುವಾಗಲೇ ಓದಿ, ಓದಿ ಜಗಳವಾಡಿ.

ಇನ್ನು ಅಪ್ಪಣೆ ಕೊಡಿ. ಹಾಲಮ್ಮ ಕೊನೆಯ ವರ್ಷ ಯಾರ ಮನೆಯಲ್ಲಿ ಏನು ಮಾಡಿದಳು, ಏನಂದಳು ಎಂದು ವಾರಕ್ಕೊಂದು ಮನೆಯವರು ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದಾರೆ. ಹೊಸ ಪುಸ್ತಕ ಮಾಡಿ ಬರೆದುಕೊಳ್ಳುತ್ತಿದ್ದೇನೆ. ಇವತ್ತು ಸಂಜೆ ಹನ್ನೆರಡನೆಯ ಮನೆ, ಅವರು ಮಿರ್ಚಿ ಮಂಡಕ್ಕಿಯನ್ನೂ ಕೊಡುತ್ತಾರಂತೆ. ಅದಾದ ಮೇಲೂ ನಲವತ್ತು ಮನೆ ಬಾಕಿ. ಅಲ್ಲಿಯ ತನಕ ನನಗೆ ಸಾಯಲು ಪುರುಸೊತ್ತಿಲ್ಲ.

ಯುವರ್ಸ್ ಮೋಸ್ಟ್ ಒಬೀಡಿಯೆಂಟ್,
ಮುರಿಗೆಪ್ಪ