ಹಾಸು ಹಾಕುವ ಬಯಲು

ಬನಹಟ್ಟಿ
೧೮ ನವೆಂಬರ್ ೨೦೨೪

ಐಶ್ವರ್ಯಾಳ ಅಪ್ಪನವರಿಗೆ,

ಮಧುಮತಿಯ ನಮಸ್ಕಾರ. ನೀವು ಸಿಟ್ಟಾಗಿ ಬೀಳಗಿಯ ನಿಮ್ಮ ಅಣ್ಣನವರ ಮನೆಗೆ ಹೋದಮೇಲೆ ನಾನೂ ಫೋನು ಮಾಡಲಿಲ್ಲ, ನೀವೂ ಮಾಡಲಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಮುಗಿಯಲು ಇನ್ನೊಬ್ಬರು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನೀವು ನಡುವೆ ಬಾಯಿ ಹಾಕಲಾಗದು.

ನಗರಸಭೆಯಲ್ಲಿ ನಡೆದದ್ದು ನಿಮ್ಮ ಪಕ್ಷದವರಿಂದ ಇಷ್ಟೊತ್ತಿಗೆ ಗೊತ್ತಾಗಿರುತ್ತದೆ. ಅದರ ಹಿಂದಿನದು ಗೊತ್ತಿಲ್ಲ. ಅದನ್ನು ನಾನೇ ಹೇಳಬೇಕು.

ತಾರವ್ವನ ಪುಸ್ತಕದ ವಿಷಯಕ್ಕೇ ಅಲ್ಲವೇ ನಮ್ಮ ಜಗಳ? ಜೀವನವಿಡೀ ನೂಲು ಸುತ್ತಿದ ಆ ಮುದುಕಿ ತನ್ನ ಕಥೆ ಹೇಳಿದಳು, ನಾನು ಬರೆದುಕೊಂಡು ನಮ್ಮ ಪ್ರೆಸ್ಸಿನಲ್ಲಿ ಅಚ್ಚಿಗೆ ಸಿದ್ಧ ಮಾಡಿದೆ. ನೇಕಾರರು ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಉದ್ದೆಳೆಯ ನೂಲು ಎಳೆದು ಕಟ್ಟುತ್ತಿದ್ದ ಬಯಲಿಗೆ ನಿಮ್ಮ ಪಕ್ಷದ ಮುಖಂಡ ಬಸಗೊಂಡಪ್ಪನವರ ತಂದೆ ಬೇಲಿ ಹಾಕಿದ್ದು, ಅಡ್ಡ ನಿಂತ ಅವಳ ಗಂಡ ಪರಸಪ್ಪನನ್ನು ಬಡಿಸಿದ್ದು, ಅವನ ಒಂದು ಕಣ್ಣು ಹೋದದ್ದು, ಎಲ್ಲ ಅದರಲ್ಲಿತ್ತು. ಆ ಪುಟಗಳನ್ನು ತೆಗೆದರೆ ಸದಸ್ಯೆಯಾಗಿರುವ ನನ್ನನ್ನೇ ಪಕ್ಷ ನಗರಸಭೆ ಅಧ್ಯಕ್ಷೆ ಮಾಡುತ್ತದೆ ಎಂಬ ಬಸಗೊಂಡಪ್ಪನವರ ಮಾತನ್ನು ಹೊತ್ತು ತಂದವರು ನೀವು. ನಾನು ಆಗುವುದಿಲ್ಲ ಎಂದೆ. “ಒಂದು ಮುದುಕಿ ಮಾತಿಗೆ ಮನಿ ಮುರಕೊಳ್ತಿ ಏನ?” ಎಂದು ಕೇಳಿ, ಬ್ಯಾಗು ಹಿಡಿದು ಹೋದಿರಿ.

ನೀವು ಹೋದ ವಾರವೇ ತಾರವ್ವ ಬಂದಳು. ಪ್ರೆಸ್ಸಿನ ಬಾಗಿಲಲ್ಲೇ ನಿಂತು, “ಅಕ್ಕಾರ, ಆ ಮಾತು ತಗದು ಬಿಡ್ರಿ. ನಮ್ಮ ತುಕಾರಾಮ ಬಸಗೊಂಡಪ್ಪನವರ ಮಗ್ಗದಾಗನ ದುಡೀತಾನ. ನಿನ್ನಿ ಅವನ್ನ ಕರದು ಭಾಳ ಸಂಭಾವಿತರಾಗಿ ಮಾತಾಡ್ಯಾರ. ನನಗ ಆ ಸಂಭಾವಿತತನದ್ದ ಅಂಜಿಕಿ ಬಂದೈತಿ” ಎಂದಳು.

ಮಾತು ಅವಳದು, ಮಗ ಅವಳವನು. ನಾನು ಆ ಪುಟಗಳನ್ನು ತೆಗೆದೆ. ಊರೆಲ್ಲ ‘ಮಧುಮತಿಬಾಯಿ ಖುರ್ಚಿಗೆ ಸೋತರು’ ಎಂದಿತು. ನೀವೂ ಬೀಳಗಿಯಲ್ಲಿ ಹಾಗೇ ತಿಳಿದಿರಬೇಕು. ಅಲ್ಲ ಎಂದು ಹೇಳಿದ್ದರೆ ತಾರವ್ವ ಅಂಜಿದ್ದನ್ನು ಹೇಳಬೇಕಾಗುತ್ತಿತ್ತು. ಸುಮ್ಮನಿದ್ದೆ. ತುಕಾರಾಮ ಈಗ ಚಿಮ್ಮಡದಲ್ಲಿ ಬೇರೆ ಕೆಲಸ ಹಿಡಿದಿದ್ದಾನೆ, ಅದಕ್ಕೇ ಇಷ್ಟು ಬರೆಯುವ ಧೈರ್ಯ.

ಕಳೆದ ವಾರದ ನಗರಸಭೆಯ ಸಭೆಯಲ್ಲಿ ಅದೇ ಬಯಲಿನ ವಿಷಯ ಬಂತು. ಬೇಲಿ ಅವರದಾದರೂ ಕಾಗದದಲ್ಲಿ ಅದು ಇನ್ನೂ ನಗರಸಭೆಯದೇ. ‘ಉಪಯೋಗವಿಲ್ಲದ ಜಾಗ’ವೆಂದು ಅದನ್ನು ಬಸಗೊಂಡಪ್ಪನವರ ಟ್ರಸ್ಟಿಗೆ ಲೀಜಿಗೆ ಕೊಡುವ ಠರಾವು. ಓದಿ ಮುಗಿಸುವ ಮೊದಲೇ ನಾನು ಎದ್ದೆ. ಬಸಗೊಂಡಪ್ಪನವರು ನಗುತ್ತ, “ಕುಂದರ್ರಿ ಅಕ್ಕಾರ, ಇದೊಂದು ಮುಗೀಲಿ. ಖುರ್ಚಿ ನಿಮ್ಮದ ಐತಿ” ಎಂದರು.

“ಖುರ್ಚಿ ಆಮ್ಯಾಲ ನೋಡೂಣ್ರಿ. ಮದಲ ನಾ ಕಂಡದ್ದು ಹೇಳ್ತೇನಿ” ಎಂದೆ.

ನಿಜಕ್ಕೂ ನಾನು ಕಂಡದ್ದೇ. ನಾನಾಗ ಸಣ್ಣವಳು, ಪರಸಪ್ಪ ಕಾಕಾನನ್ನು ಬಡಿದ ದಿನ ನಮ್ಮಪ್ಪನ ಹಾಸು ಅದೇ ಬಯಲಿನಲ್ಲಿತ್ತು. ಹರಿದ ಎಳೆಗಳನ್ನು ಕೂಡಿಸುತ್ತ ಅವನ ಪಕ್ಕದಲ್ಲೇ ಕುಳಿತಿದ್ದೆ. ಪರಸಪ್ಪ ಕಾಕಾ ಬೇಲಿಯ ಗೂಟವನ್ನು ತಬ್ಬಿ ಹಿಡಿದು ಅಡ್ಡ ನಿಂತದ್ದು, ಬಡಿಗೆ ಬಿದ್ದಾಗ ರಕ್ತ ಬಿಳಿ ನೂಲಿನ ಮೇಲೆ ಸಿಡಿದದ್ದು, ಅಪ್ಪ ನನ್ನ ಮುಖವನ್ನು ತನ್ನ ಅಂಗಿಯಲ್ಲಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಹೇಳಿದೆ. ತಾರವ್ವನ ಹೆಸರು ಎತ್ತಲಿಲ್ಲ. ನನ್ನ ಹೆಸರಿನಲ್ಲಿ, ನನ್ನ ಕಣ್ಣಿನ ಆಣೆ ಮಾಡಿ ಹೇಳಿದೆ.

“ಸಣ್ಣ ಹುಡುಗಿ ನೆನಪು ಯಾರು ಕೇಳ್ತಾರ?” ಎಂದರು ಬಸಗೊಂಡಪ್ಪನವರು.

ಅವರ ಬೆನ್ನ ಹಿಂದಿನ ಸಾಲಿನಲ್ಲೇ ಇದ್ದ ಉಮಾಶ್ರೀ, ನಿಮ್ಮ ಪಕ್ಷದಿಂದಲೇ ಮೊದಲ ಸಲ ಗೆದ್ದು ಬಂದ ಹುಡುಗಿ, ಕುಳಿತಲ್ಲಿಂದಲೇ, “ನಾ ಕೇಳ್ತೇನ್ರಿ. ಹೇಳ್ರಿ ಅಕ್ಕಾರ” ಎಂದಳು.

ಬಡಿಸಿದವರು ಯಾರೆಂಬುದನ್ನೂ ಹೇಳಿ ಮುಗಿಸಿದೆ.

ಬಸಗೊಂಡಪ್ಪನವರು ಕೋರಂ ಇಲ್ಲದೆ ಸಭೆ ಮುರಿಯಲೆಂದು ತಮ್ಮವರನ್ನು ಕರೆದುಕೊಂಡು ಹೊರಗೆ ನಡೆದರು. ಉಮಾಶ್ರೀ ಏಳಲಿಲ್ಲ, ಅವಳನ್ನು ನೋಡಿ ಉಳಿದ ಹೆಣ್ಣುಮಕ್ಕಳೂ ಏಳಲಿಲ್ಲ. ಸಭೆ ಮುರಿಯಲಿಲ್ಲ, ಠರಾವು ಬಿತ್ತು. ಬಯಲನ್ನು ಅಳೆಸಿ ಬೇಲಿ ಕೀಳಿಸಬೇಕೆಂದು ತೀರ್ಮಾನವಾಯಿತು. ಮರುದಿನವೇ ಪಕ್ಷ ನನ್ನನ್ನು ಹೊರಗೆ ಹಾಕಿತು. ಅಧ್ಯಕ್ಷೆಯ ಮಾತು ಅಲ್ಲಿಗೆ ಮುಗಿಯಿತು. ಬಸಗೊಂಡಪ್ಪನವರ ಬೀಗರೊಬ್ಬರು ಅಚ್ಚಿಗೆ ಕೊಟ್ಟಿದ್ದ ಲಗ್ನಪತ್ರಿಕೆಯನ್ನೂ ವಾಪಸು ಒಯ್ದರು. ಒಯ್ಯಲಿ. ಹುಡುಗಿಯ ಹೆಸರಿನಲ್ಲಿ ಎರಡು ತಪ್ಪಿದ್ದವು, ತಿದ್ದಿಯೇ ಕೊಟ್ಟೆ.

ಆ ಪುಟಗಳನ್ನು ಈಗ ಹಾಕೋಣವೇ ಎಂದು ತಾರವ್ವನನ್ನು ಕೇಳಿದೆ. “ಇನ್ನೂ ಬ್ಯಾಡ್ರಿ” ಎಂದಳು. ಒಪ್ಪಿದೆ. ಆದರೆ ನನ್ನ ಮಾತನ್ನು ನಾನು ಅಚ್ಚು ಹಾಕಬಹುದಲ್ಲ. ಮೂವತ್ತು ವರ್ಷ ಊರಿನವರ ಪುಸ್ತಕಗಳನ್ನು ಹೊರತಂದೆ, ಒಂದರ ಮೇಲೂ ಲೇಖಕಿಯೆಂದು ನನ್ನ ಹೆಸರಿರಲಿಲ್ಲ. ಈ ಸಲ ಇರುತ್ತದೆ. ಸಣ್ಣ ಪುಸ್ತಕ. ಕರಡು ತಿದ್ದಿಯಾಯಿತು. ಬಿಡುಗಡೆ ಅದೇ ಬಯಲಿನಲ್ಲಿ, ಜಮಖಾನೆ ಹಾಸಿ.

ಮುಂದಿನ ಚುನಾವಣೆಗೆ ಇದೇ ವಾರ್ಡಿನಿಂದ ಪಕ್ಷೇತರಳಾಗಿ ನಿಲ್ಲುತ್ತೇನೆ. ಇದು ಕೇಳಿಕೊಳ್ಳುವ ಮಾತಲ್ಲ, ತಿಳಿಸುವ ಮಾತು. ನೀವು ಪಕ್ಷದ ನಗರ ಘಟಕದ ಅಧ್ಯಕ್ಷರು, ನನ್ನ ವಿರುದ್ಧ ಓಟು ಕೇಳಬೇಕಾದರೆ ಕೇಳಿ. ಆದರೆ ಆ ಕೆಲಸಕ್ಕೆ ದಿನಾ ಬೀಳಗಿಯಿಂದ ಬಸ್ಸು ಹಿಡಿಯುವುದು ಬೇಡ. ನಮ್ಮ ಮನೆಯಿಂದಲೇ ಹೊರಡಿ. ರೊಟ್ಟಿ ಕಟ್ಟಿ ಕಳಿಸುತ್ತೇನೆ.

ಆಡಿದ ಮಾತಿನ ಮೇಲೆ ನಿಂತಿರುವ,
ಮಧುಮತಿ

ತಾ.ಕ.: ಬಸಗೊಂಡಪ್ಪನವರು ಬಾಗಿಲಲ್ಲಿ ನಿಂತು ಹಿಂದೆ ಕುಳಿತಿದ್ದ ಕಾರ್ಯಕರ್ತರಿಗೆಲ್ಲ ಏಳಿರೆಂದು ಕೈ ಮಾಡಿದರಲ್ಲ, ಆಗ ಪತ್ರಕರ್ತರ ಹಿಂದೆ ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡಿದ್ದ ಒಬ್ಬರು ಮಾತ್ರ ಏಳಲಿಲ್ಲ. ಮಫ್ಲರು ನಾನೇ ಹೆಣೆದದ್ದು. ನನಗೆ ಗುರುತು ಹತ್ತುವುದಿಲ್ಲವೆಂದುಕೊಂಡಿರಾ?